ಹುಳದ ಮನೆಯ ಡಬ್ಬ

ನವೆಂಬರ್ 16, 1998, ಸೋಮವಾರ

ಈ ಡೈರಿಯನ್ನು ಗೊಬ್ಬರದ ಅಂಗಡಿಯವರು ಅಪ್ಪನಿಗೆ ಪುಕ್ಕಟೆ ಕೊಟ್ಟದ್ದು. ಅಪ್ಪ ಜನವರಿ ಒಂದನೇ ತಾರೀಖಿಗೆ 'ಶ್ರೀ' ಎಂದು ಬರೆದು ಮುಚ್ಚಿಟ್ಟಿದ್ದಾರೆ. ಆಮೇಲೆ ಅವರ ಬದುಕಿನಲ್ಲಿ ಬರೆಯುವಂಥದ್ದು ಏನೂ ನಡೆದಿಲ್ಲವಂತೆ. ಇನ್ನು ಮುಂದೆ ಇದು ನನ್ನದು.

ಚಾಮರಾಜನಗರದಲ್ಲಿ ನಾನು ಮಾಡುವ ಕೆಲಸವನ್ನು ಯಾರಿಗೆ ವಿವರಿಸಿದರೂ 'ಓ, ಟಿವಿ ರಿಪೇರಿ' ಎನ್ನುತ್ತಾರೆ. ಅದಕ್ಕೇ ಬರೆದಿಡೋಣ ಎನ್ನಿಸಿತು. ಮಲ್ಲಿಕಾರ್ಜುನಸ್ವಾಮಿ ಸಾಹೇಬರ ಅಂಗಡಿಯ ಮುಂದಿನ ಕೋಣೆಯಲ್ಲಿ ಟಿವಿ ರಿಪೇರಿಯೇ ನಡೆಯುವುದು, ಸುಳ್ಳಲ್ಲ. ಹಿಂದಿನ ಕೋಣೆಯಲ್ಲಿ ನಾನು, ಒಂದು ಹಳೆಯ ಕಂಪ್ಯೂಟರ್ ಮತ್ತು ಒಂದು ಹಲ್ಲಿ ಇದ್ದೇವೆ. ಈ ಕೋಣೆಗೆ ಸಾಹೇಬರು 'ರಿಸರ್ಚ್ ವಿಭಾಗ' ಎಂದು ಹೆಸರಿಟ್ಟಿದ್ದಾರೆ. ಹಲ್ಲಿ ನನಗಿಂತ ಸೀನಿಯರ್.

ಈಗ ಮಾಡುತ್ತಿರುವುದು ರೇಷ್ಮೆ ಹುಳದ ಮನೆಗೆ ಒಂದು ಡಬ್ಬ. ಮೊಟ್ಟೆಯೊಡೆದು ಬಂದ ಮರಿಹುಳಕ್ಕೆ ಚಳಿಯೂ ಆಗಬಾರದು, ಸೆಕೆಯೂ ಆಗಬಾರದು. ಡಬ್ಬ ಕೋಣೆಯ ಬಿಸಿ ನೋಡಬೇಕು, ಕಡಿಮೆಯಾದರೆ ಹೀಟರ್ ಹಚ್ಚಬೇಕು, ಹೆಚ್ಚಾದರೆ ಆರಿಸಬೇಕು. ಮನುಷ್ಯರಿಗಾದರೆ ಇಷ್ಟು ಹೇಳಿ ಕಾಫಿ ಕುಡಿಯಲು ಹೋಗಬಹುದು. ಡಬ್ಬದೊಳಗಿನ ಚಿಪ್‌ಗೆ ಇದನ್ನೇ ಹೇಳಲು ಪುಟಗಟ್ಟಲೆ ಬರೆಯಬೇಕು.

ಮನೆಯಲ್ಲಿ ಬರೆಯೋಣವೆಂದು ಕೂತರೆ ಅವ್ವ ಬಿಡುವುದಿಲ್ಲ. ಅಡಿಗೆಮನೆಯಿಂದ “ಅಮ್ಮೀ” ಎನ್ನುತ್ತಾಳೆ. ಕೆಲಸವೇನೂ ಇರುವುದಿಲ್ಲ. ನಾನು “ಆಂ” ಎನ್ನಬೇಕು, ಅಷ್ಟೇ. ಅನ್ನದಿದ್ದರೆ ಸೌಟಿನ ಸಮೇತ ಬಾಗಿಲಲ್ಲಿ ಪ್ರತ್ಯಕ್ಷ. ಚಿಕ್ಕವಳಿದ್ದಾಗ ನಿದ್ದೆಯಲ್ಲೇ “ಆಂ” ಎಂದು ಏಮಾರಿಸುವುದನ್ನು ಕಲಿತಿದ್ದೆ. ಅವ್ವ ಅದನ್ನೂ ಕಂಡುಹಿಡಿದಳು. ಆವತ್ತಿನಿಂದ “ಆಂ” ಎಂದ ಮೇಲೆ “ಏನ್ ಮಾಡ್ತಿದ್ದೀಯೆ?” ಎಂಬ ಎರಡನೇ ಪ್ರಶ್ನೆ ಇದ್ದೇ ಇರುತ್ತದೆ. ಈ ಹೆಂಗಸಿನ ಬಾಯಿಗೆ ಒಂದು ಸ್ವಿಚ್ ಇದ್ದಿದ್ದರೆ ನಾನು ಈ ಹೊತ್ತಿಗೆ ಡಬ್ಬ ಮುಗಿಸಿರುತ್ತಿದ್ದೆ.

ನವೆಂಬರ್ 18, ಬುಧವಾರ

ಸಾಹೇಬರಿಗೆ ಮೈಸೂರಿನಲ್ಲಿ ಯಾರೋ ಕಿವಿ ಊದಿದ್ದಾರೆ. ಬಂದವರೇ ನನ್ನ ಪರದೆಯ ಮೇಲೆ ಬಗ್ಗಿದರು.

“ಏನಮ್ಮ ನೀಲಾವತಿ, ಇನ್ನೂ ಅಸೆಂಬ್ಲೀಲೇ ಬರೀತಿದ್ದೀಯ? ಈಗೆಲ್ಲ ಸಿ ಭಾಷೆ ಕಣಮ್ಮ. ಅಸೆಂಬ್ಲಿ ಅಂದ್ರೆ ಎತ್ತಿನ ಗಾಡಿ.”

“ನಮ್ ಚಿಪ್ ಓಡಾಡೋದೂ ಗಾಡಿ ಜಾಡಲ್ಲೇ ಸಾರ್.”

ಚಿಪ್‌ಗೆ ಬರೆಯುವ ಈ ಎರಡು ಭಾಷೆಗಳ ವ್ಯತ್ಯಾಸ ತಿಳಿಯಬೇಕಾದವರು ನಮ್ಮ ಮನೆಗೆ ಬರಬೇಕು. ಅವ್ವ ಅಪ್ಪನ ಹತ್ತಿರ ಮಾತಾಡುವುದು ಅಸೆಂಬ್ಲಿ: “ಏಳಿ. ಚೊಂಬು ತಕ್ಕಳಿ. ನಲ್ಲಿ ತಿರುಗ್ಸಿ. ತುಂಬ್ತಾ? ನಿಲ್ಸಿ.” ಒಂದು ಮೆಟ್ಟಿಲು ಬಿಟ್ಟರೂ ಅಪ್ಪ ಚೊಂಬು ಹಿಡಿದು ನಿಂತೇ ಇರುತ್ತಾರೆ. ನನ್ನ ಹತ್ತಿರ ಮಾತಾಡುವುದು ಸಿ: “ಮನೆ ನೋಡ್ಕೊ.” ಆ ಎರಡು ಪದದಲ್ಲಿ ಕಸ, ಮುಸುರೆ, ಹಾಲು, ಬೀದಿನಾಯಿ ಎಲ್ಲ ಬಂತು.

ಸಾಹೇಬರ ಸಮಾಧಾನಕ್ಕೆ ಅವರು ತಂದ ಸಿ ಫ್ಲಾಪಿಯನ್ನು ಹಾಕಿದೆ. ಅದು ರುಚಿ ನೋಡಲು ಕೊಡುವ ತುಣುಕು. ಪ್ರೋಗ್ರಾಂ ಒಂದು ಅಳತೆ ಮೀರಿದರೆ ಮುಷ್ಕರ ಹೂಡುತ್ತದೆ. 'ಇಪ್ಪತ್ತಾರೂವರೆ ಡಿಗ್ರಿ' ಎಂದು ತೋರಿಸುವ ಒಂದೇ ಸಾಲಿಗೆ ಆ ಅಳತೆಯ ಬಹುಪಾಲನ್ನು ತಿಂದು ತೇಗಿತು. ತೆಗೆದು ಮತ್ತೆ, ಅಸೆಂಬ್ಲಿಯನ್ನು ಚಿಪ್‌ಗೆ ತಿಳಿಯುವಂತೆ ಮಾಡುವ ಅಸೆಂಬ್ಲರ್ ಹಾಕಿಕೊಂಡೆ. ಇದು ತಪ್ಪಿರುವ ಸಾಲಿನ ನಂಬರು ಹೇಳುತ್ತದೆ, ತಪ್ಪೇನೆಂದು ಮಾತ್ರ ಬಾಯಿಬಿಡುವುದಿಲ್ಲ. ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರನ್ನು ಕಂಡ ಹಾಗೇ ಆಗುತ್ತದೆ.

ಬರೆದದ್ದೆಲ್ಲ ಹೋಗಿ ಕೂರುವುದು ಇಪ್ರಾಮ್ ಎಂಬ ಚಿಪ್‌ನಲ್ಲಿ. ಅದಕ್ಕೆ ಎರಡೂ ಪಕ್ಕ ತಂತಿ ಕಾಲುಗಳು, ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ. ಬರೆದದ್ದನ್ನು ಅಳಿಸಬೇಕಾದರೆ ಆ ಕಿಟಕಿಯೊಳಕ್ಕೆ ನೇರಳಾತೀತ ಬೆಳಕು ಬಿಡಬೇಕು. ಅದಕ್ಕೆಂದೇ ಇರುವ ನಮ್ಮ ಪೆಟ್ಟಿಗೆಯ ಟ್ಯೂಬು ದಸರಾದಲ್ಲಿ ಹೋಯಿತು, ಹೊಸದು 'ಮುಂದಿನ ವಾರ' ಬರುತ್ತದೆ. ಅಲ್ಲಿಯವರೆಗೆ ಸೂರ್ಯನಿಗೇ ಗುತ್ತಿಗೆ ಕೊಟ್ಟಿದ್ದೇವೆ. ತಾರಸಿಯ ಮೇಲೆ ಅವ್ವನ ಸಂಡಿಗೆ ಮೊರದ ಮೂಲೆಯಲ್ಲಿ ಚಿಪ್‌ಗಳನ್ನು ಕಿಟಕಿ ಮೇಲೆ ಮಾಡಿ ಇಡುತ್ತೇನೆ. ಒಂದು ವಾರ ಒಳ್ಳೆಯ ಬಿಸಿಲು ಕುಡಿದರೆ ಎಲ್ಲ ಮರೆತುಹೋಗುತ್ತದೆ.

“ಕಾಗೆ ಬಂದು ನಿನ್ ಜಿರಳೆಗಳ್ನ ಎತ್ಕಂಡೋದ್ರೆ ನನ್ ಕೇಳ್ಬ್ಯಾಡ” ಎಂದಳು ಅವ್ವ. ಹಾಗೆಂದವಳೇ ಮಧ್ಯಾಹ್ನವೆಲ್ಲ ಕಾಗೆ ಓಡಿಸುತ್ತಾ ಕೂತಿದ್ದಳು. ಸಂಡಿಗೆಗೋಸ್ಕರ ಅಂತೆ.

ನವೆಂಬರ್ 24, ಮಂಗಳವಾರ

ಡಬ್ಬ ಇವತ್ತು ಚಂದಕವಾಡಿಗೆ ಹೋಯಿತು, ದೊಡ್ಡವ್ವನ ಹುಳದ ಮನೆಗೆ. ದೊಡ್ಡತಾಯಮ್ಮ ಅವ್ವನ ಒಡಹುಟ್ಟಿದ ಅಕ್ಕ. ಅವ್ವ ಸಣ್ಣತಾಯಮ್ಮ. ನಮ್ಮ ತಾತನಿಗೆ ಹೆಸರು ಯೋಚಿಸಲು ಪುರಸೊತ್ತಿರಲಿಲ್ಲ.

ದೊಡ್ಡವ್ವನ ಗಂಡುಮಕ್ಕಳು ಸೊಪ್ಪು ಕೊಯ್ದು ತರುತ್ತಾರೆ, ಆದರೆ ಮಲಗಿದರೆ ಬೆಳಗಿನವರೆಗೆ ಕಡಿದ ಮರ. ಮರಿಹುಳ ಇರುವ ದಿನಗಳಲ್ಲಿ ರಾತ್ರಿ ಎದ್ದೆದ್ದು ಇದ್ದಿಲಿನ ಅಗ್ಗಿಷ್ಟಿಕೆ ಕೆದಕುವುದು, ತಟ್ಟೆಗಳ ಮೇಲೆ ಕೈ ಆಡಿಸಿ ಬಿಸಿ ನೋಡುವುದು ಇವಳೊಬ್ಬಳೇ. ಮದುವೆಯಾಗಿ ಬಂದಾಗಿನಿಂದ ಹುಳದ ಕಾಲದಲ್ಲಿ ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲವಂತೆ.

ಗೋಡೆಗೆ ಡಬ್ಬ ತಗುಲಿಸಿ ಸ್ವಿಚ್ ಒತ್ತಿದೆ. ಕೆಂಪು ಅಂಕಿ ಬಂತು, ಪಕ್ಕದಲ್ಲಿ ಚುಕ್ಕೆ ಮಿಟುಕಿತು. ಆ ಚುಕ್ಕೆ ಸುಮ್ಮನೆ ಅಂದಕ್ಕೆ ಹಾಕಿದ್ದು. ದೊಡ್ಡವ್ವ ಅದಕ್ಕೆ ಕೈ ಮುಗಿದಳು.

“ನನ್ ಮಗಳು ಮಾಡಿರದು ಕಣಕ್ಕ, ನಂಬು” ಎಂದಳು ಅವ್ವ. ಅವಳು ನನ್ನನ್ನು ಯಾರ ಮುಂದೆಯೂ ಹೊಗಳಿದವಳಲ್ಲ. ನನಗೆ ಎರಡು ಕೋಡು ಬಂತು.

“ಇವತ್ತು ಅಗ್ಗಿಷ್ಟಿಕೆ ಬೇಡ ದೊಡ್ಡವ್ವ. ನೀನು ಎದ್ದು ನೋಡೋದೂ ಬೇಡ. ನೆಮ್ಮದಿಯಾಗಿ ಮಲಕ್ಕೊ, ಡಬ್ಬ ನೋಡ್ಕೊತದೆ” ಎಂದೆ.

ನವೆಂಬರ್ 26, ಗುರುವಾರ

ಹುಳ ಸತ್ತವು. ಎಲ್ಲವೂ.

ತಟ್ಟೆಯಲ್ಲಿ ಸೊಪ್ಪು ಮುಟ್ಟಿದರೆ ಪುಡಿಯಾಗುತ್ತಿತ್ತು. ಮರಿಗಳು ಹುರಿದ ಎಳ್ಳಿನ ಹಾಗೆ ಅಂಟಿಕೊಂಡಿದ್ದವು. ದೊಡ್ಡವ್ವ ಬೈಯಲಿಲ್ಲ, ತಟ್ಟೆಗಳನ್ನು ಒಂದೊಂದಾಗಿ ಹೊರಗೆ ತಂದು ಕೊಡವಿದಳು. ನಾನು ಬಸ್ಸಿನಲ್ಲಿ ಎಲ್ಲರ ಎದುರಿಗೇ ಅತ್ತೆ.

ಮನೆಗೆ ಬಂದ ಮೇಲೆ ಅವ್ವ ಒಂದೇ ಮಾತು ಹೇಳಿದಳು: “ಒಂದಿನಾನೂ ಮಲಗ್ದೋಳ್ನ ಮಲಗಿಸ್ಬುಟ್ಟೆ ಕಣಮ್ಮಿ.”

ನವೆಂಬರ್ 28, ಶನಿವಾರ

ಸಿಕ್ಕಿತು! ಡಬ್ಬವನ್ನು ವಾಪಸ್ ತಂದಾಗ ಬಿಸಿ ಅಳೆಯುವ ತುದಿಗೆ ಒದ್ದೆ ಬಟ್ಟೆ ಸುತ್ತಿತ್ತು. ಆವತ್ತಿನ ಗಡಿಬಿಡಿಯಲ್ಲಿ ಅದನ್ನು ನೋಡಿದ್ದರೂ ತಲೆಗೆ ಹೋಗಿರಲಿಲ್ಲ. ಒದ್ದೆ ಬಟ್ಟೆ ಸುತ್ತಿದರೆ ತುದಿ ತಣ್ಣಗಾಗುತ್ತದೆ. ಡಬ್ಬ 'ಅಯ್ಯೋ ಚಳಿ' ಎಂದುಕೊಂಡು ಹೀಟರ್ ಉರಿಸುತ್ತಲೇ ಇರುತ್ತದೆ. ಕೋಣೆ ಒಲೆಯಾಗುತ್ತದೆ. ನನ್ನ ಪ್ರೋಗ್ರಾಂ ನಿರಪರಾಧಿ! ಹಲ್ಲಿಗೂ ಹೇಳಿದೆ, ಲೊಚಗುಟ್ಟಿತು.

ಅವ್ವನಿಗೆ ಹೇಳೋಣವೆಂದರೆ ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬಿಡಲಿ. ಮನೆಯಲ್ಲಿ ಇಷ್ಟು ನಿಶ್ಶಬ್ದ ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಡಿಸೆಂಬರ್ 2, ಬುಧವಾರ

ಅಪ್ಪ ಈಗ ನಮ್ಮಿಬ್ಬರ ನಡುವಿನ ಕೇಬಲ್ ಆಗಿದ್ದಾರೆ. ನಾನು ಎದುರಿಗೇ ಕೂತಿರುವಾಗ ಅವ್ವ “ನಿಮ್ ಮಗಳಿಗೆ ಊಟಕ್ಕೆ ಬರಕೇಳಿ” ಎನ್ನುತ್ತಾಳೆ. ಅಪ್ಪ ನನ್ನ ಕಡೆ ತಿರುಗಿ “ಊಟಕ್ಕೆ ಬರಬೇಕಂತೆ” ಎನ್ನುತ್ತಾರೆ. “ಹಸಿವಿಲ್ಲ ಅಂತ ಹೇಳಿ” ಎಂದರೆ ಅದನ್ನು ಹೇಳುವುದಿಲ್ಲ. ಕೇಬಲ್‌ನಲ್ಲಿ ಅರ್ಧ ಸಂದೇಶ ಸೋರಿಹೋಗುತ್ತದೆ.

ಇರಲಿ, ಕೆಲಸ ಚೆನ್ನಾಗಿ ಸಾಗುತ್ತಿದೆ. ಯಾರೂ ಕರೆಯುವುದಿಲ್ಲ, ಯಾರಿಗೂ 'ಆಂ' ಎನ್ನಬೇಕಿಲ್ಲ. ಪರಮಸುಖ. ಸಾಯಂಕಾಲ ತಿಂಡಿ ತಟ್ಟೆ ಕೈಜಾರಿ ಬಿತ್ತು, ಇಡೀ ಬೀದಿಗೆ ಕೇಳುವ ಹಾಗೆ. ಅಡಿಗೆಮನೆಯಿಂದ ಯಾರೂ ಬಂದು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಲೋಟವೂ ಬಿತ್ತು. ಸ್ಟೀಲಿನವು, ಏನಾಗುವುದಿಲ್ಲ.

ಡಿಸೆಂಬರ್ 6, ಭಾನುವಾರ

ಒದ್ದೆ ಬಟ್ಟೆಯ ಕಥೆ ಹೇಳಿ ಬರೋಣವೆಂದು ಚಂದಕವಾಡಿಗೆ ಹೋದೆ. ವಕೀಲರ ಹಾಗೆ ತಯಾರಾಗಿ ಹೋಗಿದ್ದೆ.

“ದೊಡ್ಡವ್ವ, ಡಬ್ಬದ ತುದಿಗೆ ಒದ್ದೆ ಬಟ್ಟೆ ಯಾಕ್ ಸುತ್ತಿದ್ದೆ?”

“ಬೆಳಿಗ್ಗೆ ಬಾಗ್ಲು ತಗುದ್ರೆ ಒಲೆ ಒಳಕ್ಕೆ ಮುಖ ಇಟ್ಟಂಗಾಯ್ತು ಕಣಮ್ಮಿ. ಉಳ ಎಲ್ಲ ಓಗ್ಬುಟ್ಟಿದ್ದೊ. ನಿನ್ ಡಬ್ಬ ಮುಟ್ಟುದ್ರೆ ಅದೂ ಕಾದಿತ್ತು. ಅದಕ್ಕೂ ಜರ ಬಂದದೆ ಅನ್ಕಂಡು, ಮಕ್ಕಳ ಅಣೆಗೆ ಆಕ್ದಂಗೆ ಒದ್ದೆ ಬಟ್ಟೆ ಆಕ್ದೆ. ನೀ ಬಂದ್ ನೋಡೋಗಂಟ ಉಳೀಲಿ ಅಂತ.”

ತನ್ನ ಹುಳವೆಲ್ಲ ಸತ್ತು ಬಿದ್ದಿರುವಾಗ ಈ ಹೆಂಗಸು ನನ್ನ ಡಬ್ಬದ ಜ್ವರ ಇಳಿಸುತ್ತಾ ಕೂತಿದ್ದಳು. ಬಟ್ಟೆ ಸುತ್ತಿದ್ದು ಆಮೇಲೆ. ನನ್ನ ವಾದವೆಲ್ಲ ಅಲ್ಲಿಗೇ ಬಿದ್ದುಹೋಯಿತು.

“ರಾತ್ರಿ ಒಂದ್ಸಲ ಮನಸ್ಸು ತಡೀದೆ ಬಂದು ಕಿಟಕೀಲಿ ಇಣುಕ್ದೆ. ಚುಕ್ಕೆ ಮಿಟುಕ್ತಿತ್ತು. ಎಚ್ಚರವಾಗೇ ಅದೆ ಅಂದ್ಬುಟ್ಟು ಓಗಿ ಮಲಗ್ದೆ” ಎಂದಳು.

ಅಂದರೆ ಡಬ್ಬ ಸತ್ತಿತ್ತು, ಚುಕ್ಕೆ ಬದುಕಿತ್ತು. ಎರಡೂ ನಾನು ಬರೆದವೇ. ತಪ್ಪು ನನ್ನದು ಎಂದು ಅವಳಿಗೆ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ.

“ಸರಿ ಮಾಡ್ಕಂಡು ಮುಂದಿನ್ ಬೆಳೆಗೆ ತಕ್ಕಂಡ್ ಬಾ” ಎಂದಳು ದೊಡ್ಡವ್ವ.

“ಮತ್ತೆ ನನ್ನ ಡಬ್ಬಾನಾ? ಯಾಕ್ ದೊಡ್ಡವ್ವ?”

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಆ ನಿದ್ದೆ ಚೆಂದಾಗಿತ್ತು ಕಣಮ್ಮಿ. ಉಳ ಓದ್ವು, ಸುಳ್ಳಲ್ಲ. ನಿದ್ದೆ ಮಾತ್ರ ಬಲು ಚೆಂದಾಗಿತ್ತು.” ಆಮೇಲೆ ನಗು ನಿಲ್ಲಿಸಿ ಹೇಳಿದಳು: “ಇದೂ ಓದ್ರೆ ಮಾತ್ರ ಸೊಪ್ಪಿನ ಗಿಡ ಕಿತ್ತಾಕ್ಬುಡ್ತೀನಿ. ಇನ್ನು ರಾತ್ರಿ ಏಳಕ್ಕೆ ಮಂಡಿ ಕೇಳಾಕಿಲ್ಲ.”

ಡಿಸೆಂಬರ್ 9, ಬುಧವಾರ

ನಮ್ಮ ಅಂಗಡಿಯಲ್ಲಿ ಡಬ್ಬ ಎಷ್ಟು ದಿನ ಇಟ್ಟರೂ ಸಾಯುವುದಿಲ್ಲ. ಸಾಹೇಬರು ಸ್ಟೆಬಿಲೈಸರ್ ಹಾಕಿಸಿದ್ದಾರೆ. ಚಂದಕವಾಡಿಯ ಕರೆಂಟು ಹಾಗಲ್ಲ. ಚಾಮರಾಜನಗರ ಜಿಲ್ಲೆಯಾಗಿ ವರ್ಷವಾದರೂ ಅಲ್ಲಿನ ಕರೆಂಟು ಇನ್ನೂ ತಾಲ್ಲೂಕಿನದೇ. ಒಂದು ಪಂಪ್‌ಸೆಟ್ ಶುರುವಾದರೆ ಬಲ್ಬುಗಳು ನಾಚಿ ಕೆಂಪಾಗುತ್ತವೆ.

ದೊಡ್ಡ ಕಂಪನಿಗಳಲ್ಲಿ ಇಂಥದ್ದನ್ನು ಪರೀಕ್ಷಿಸಲು ಬೇರೆ ಯಂತ್ರವೇ ಇರುತ್ತದಂತೆ. ನಮ್ಮ ಬೀದಿಯಲ್ಲಿ ಗುರುಮಲ್ಲಯ್ಯನವರ ಹಿಟ್ಟಿನ ಗಿರಣಿ ಇದೆ. ಅವರ ಮೋಟಾರು ಶುರುವಾದರೆ ಸುತ್ತಲಿನ ನಾಲ್ಕು ಮನೆಯ ಟಿವಿ ಕುಗ್ಗುತ್ತದೆ. ಡಬ್ಬ ಎತ್ತಿಕೊಂಡು ಹೋಗಿ ರಾಗಿ ಚೀಲಗಳ ನಡುವೆ ಕೂತೆ.

“ಏನವ್ವ, ಅದನ್ನೂ ಬೀಸ್ಕೊಡ್ಬೇಕಾ? ನುಣ್ಣಗೋ, ತರಿತರಿಯೋ?” ಎಂದರು ಗುರುಮಲ್ಲಯ್ಯ.

ಮೋಟಾರು ಹಾಕಿದರು. ಒಂದು ಸಲ ಏನಾಗಲಿಲ್ಲ. ಇನ್ನೊಂದು ಸಲವೂ ಏನಾಗಲಿಲ್ಲ. ಆಮೇಲೊಮ್ಮೆ ಬಲ್ಬು ಕುಗ್ಗಿ ಎದ್ದಾಗ ನೋಡುತ್ತೇನೆ, ಅಂಕಿ ಕಲ್ಲಿನ ಹಾಗೆ ನಿಂತಿದೆ, ಹೀಟರಿನ ದೀಪ ಉರಿಯುತ್ತಲೇ ಇದೆ, ಚುಕ್ಕೆ ಮಾತ್ರ ಏನೂ ಆಗಿಲ್ಲವೆಂಬಂತೆ ಮಿಟುಕುತ್ತಿದೆ. ನಾನು “ಸತ್ತಿತು! ಸತ್ತಿತು!” ಎಂದು ಕುಣಿದೆ. ಹಿಟ್ಟಿಗೆ ಬಂದಿದ್ದ ಹೆಂಗಸರು ಡಬ್ಬಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಕಾರಣ ಇದು. ಬಿಸಿ ಅಳೆಯುವುದಕ್ಕೆ ಬೇರೊಂದು ಚಿಪ್ ಇದೆ. ನನ್ನ ಪ್ರೋಗ್ರಾಂ ಅದನ್ನು “ಅಳೆದಾಯಿತಾ?” ಎಂದು ಕೇಳಿ, ಆಗುವವರೆಗೂ ಕಾಯುತ್ತದೆ. ಕರೆಂಟು ಕುಗ್ಗಿದಾಗ ಆ ಚಿಪ್ ತಾನೇನು ಮಾಡುತ್ತಿದ್ದೆನೆಂದು ಮರೆತು ಕೂರುತ್ತದೆ. ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ, ಹಚ್ಚಿದ ಹೀಟರ್ ಉರಿಯುತ್ತಲೇ ಇರುತ್ತದೆ. ಚುಕ್ಕೆಗೆ ಬೇರೆ ಟೈಮರ್ ಇದೆ, ಅದಕ್ಕೆ ಇದ್ಯಾವುದರ ಪರಿವೆಯೂ ಇಲ್ಲ.

ಈ ಒಂದು ಕಾಯುವಿಕೆಗೆ ಮಿತಿ ಹಾಕಬಹುದು. ನಾಳೆ ಇನ್ನೆಲ್ಲೋ ಸಿಕ್ಕಿಕೊಳ್ಳುತ್ತದೆ. ಪ್ರೋಗ್ರಾಂನ ಹೊರಗೆ ನಿಂತು 'ಬದುಕಿದ್ದೀಯಾ' ಎಂದು ಆಗಾಗ ವಿಚಾರಿಸುವವರು ಒಬ್ಬರು ಬೇಕು. ಅದಕ್ಕೆ ವಾಚ್‌ಡಾಗ್, ಕಾವಲುನಾಯಿ, ಎನ್ನುತ್ತಾರೆ. ಪ್ರೋಗ್ರಾಂ ಅದರ ಬೆನ್ನು ತಟ್ಟುತ್ತಿರಬೇಕು. ತಟ್ಟುವುದು ನಿಂತರೆ ಅದು ಚಿಪ್ ಅನ್ನು ಎಬ್ಬಿಸಿ ಮೊದಲಿನಿಂದ ಶುರುಮಾಡಿಸುತ್ತದೆ. ಡಿಪ್ಲೊಮಾದಲ್ಲಿ ಇದರ ಪಾಠ ನಡೆದ ದಿನ ನಾನು ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದೆ.

ಡಿಸೆಂಬರ್ 12, ಶನಿವಾರ. ಗುಂಡ್ಲುಪೇಟೆಯಿಂದ ಬಂದ ಮೇಲೆ

ಮೂರು ದಿನದಿಂದ ಮೋಡ. ತಾರಸಿಯ ಮೇಲೆ ಸಂಡಿಗೆಯೂ ಒಣಗಿಲ್ಲ, ಚಿಪ್‌ಗಳೂ ಅಳಿದಿಲ್ಲ. ದೊಡ್ಡವ್ವನ ಮೊಟ್ಟೆ ಹೊಸ ವರ್ಷಕ್ಕೆ ಬರುತ್ತದೆ. ಸೂರ್ಯನನ್ನು ನಂಬಿ ಕೂತರೆ ಕೆಲಸ ಕೆಡುತ್ತದೆ.

ಸಾಹೇಬರ ಸ್ನೇಹಿತರು ಶಿವರಾಮು ಎಂಬ ಹಲ್ಲಿನ ಡಾಕ್ಟರು ಗುಂಡ್ಲುಪೇಟೆಯಲ್ಲಿದ್ದಾರೆ. ಇಕ್ಕಳ ಚಿಮಟಗಳ ರೋಗಾಣು ಕೊಲ್ಲಲು ಅವರ ಹತ್ತಿರ ಒಂದು ಬೀರು ಇದೆ, ಒಳಗೆ ನೇರಳಾತೀತ ಟ್ಯೂಬು. ತೆರಕಣಾಂಬಿ ಮೇಲಿನ ಬಸ್ಸು ಹತ್ತಿ ಹೋದೆ. ಡಾಕ್ಟರು ದೊಡ್ಡ ಮನಸ್ಸು ಮಾಡಿ ಇಕ್ಕಳಗಳ ಪಕ್ಕದಲ್ಲಿ ನನ್ನ ಜಿರಳೆಗಳಿಗೂ ಜಾಗ ಕೊಟ್ಟರು. ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದವನು ಕೇರಳದ ಲಾರಿ ಡ್ರೈವರ್. ಸಾಲಾಗಿ ತಂತಿ ಕಾಲುಗಳಿದ್ದ ಚಿಪ್‌ಗಳನ್ನು ನೋಡಿ ಗಾಬರಿಯಾದ. “ಡಾಕ್ಟರೇ, ಈ ಪಲ್ಲು ಎನಿಕ್ಕು ವೇಂಡ!” ಎಂದ, ಈ ಹಲ್ಲು ನನಗೆ ಬೇಡ ಅಂತ. ಅಂಥ ಹಲ್ಲನ್ನು ತನಗೆ ಕಟ್ಟುತ್ತಾರೆಂದು ತಿಳಿದಿದ್ದನಂತೆ.

ಒಬ್ಬ ರೋಗಿಯ ಹಲ್ಲು ಕೀಳುವಷ್ಟರಲ್ಲಿ ನನ್ನ ಚಿಪ್‌ಗಳು ಅಳಿದಿದ್ದವು. ಬರುವಾಗ ಬಸ್ಸಿನಲ್ಲಿ ಈ ಡ್ರೈವರನ ಕಥೆಯನ್ನು ಅವ್ವನಿಗೆ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದೆ. ಮನೆ ಬಾಗಿಲಲ್ಲಿ ನೆನಪಾಯಿತು. ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ, “ಯಾವ ಹಲ್ಲಂತೆ?” ಎಂದು ಕೇಳಿದರು. ಕೇಬಲ್‌ನಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಅಡಿಗೆಮನೆಯಲ್ಲಿ ಯಾರೋ ಕೆಮ್ಮಿದ ಹಾಗಾಯಿತು, ನಗುವನ್ನು ನುಂಗಿದ ಕೆಮ್ಮು. ಇರಲಾರದು.

ಡಿಸೆಂಬರ್ 17, ಗುರುವಾರ

ಹಾಳಾಗಿ ಹೋಗಲಿ ಈ ಭಾಷೆ, ಈ ಚಿಪ್, ಈ ಗಿರಣಿ.

ಅಂಗಡಿಯಲ್ಲಿದ್ದ ಒಂದು ಕೌಂಟರ್ ಚಿಪ್‌ನಿಂದ ವಾಚ್‌ಡಾಗ್ ಕಟ್ಟಿದೆ. ಬೆನ್ನು ತಟ್ಟುವ ಕೆಲಸವನ್ನು ಚುಕ್ಕೆ ಮಿಟುಕಿಸುವ ಟೈಮರಿಗೇ ವಹಿಸಿದೆ. ತಪ್ಪದೆ ಬರುವವನು ಅವನೊಬ್ಬನೇ ತಾನೇ ಎಂದು. ಗಿರಣಿಗೆ ಒಯ್ದೆ. ಡಬ್ಬ ಮತ್ತೆ ಸತ್ತಿತು. ಅಂಕಿ ನಿಂತಿತು, ಹೀಟರ್ ಉರಿಯಿತು, ಚುಕ್ಕೆ ಮಿಟುಕಿತು, ವಾಚ್‌ಡಾಗ್ ಬಾಲ ಅಲ್ಲಾಡಿಸುತ್ತಾ ಸುಮ್ಮನಿತ್ತು. ಗುರುಮಲ್ಲಯ್ಯನವರು ಪಾಪ ಕಡ್ಲೆಪುರಿ ಕೊಟ್ಟರು.

ಮನೆಗೆ ಬಂದು ಹಾಳೆ ಹರಡಿಕೊಂಡು ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಾಗಲಿಲ್ಲ. ಕಾಲು ಜೋಮು ಹಿಡಿದಿತ್ತು, ಮುಂದಿಟ್ಟ ಕಾಫಿ ಕೆನೆಗಟ್ಟಿತ್ತು. ಯಾರೂ ಕರೆದಿರಲಿಲ್ಲ. ಕರೆದಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಸಲ “ಆಂ” ಎಂದು, ಎದ್ದು, ಕಾಫಿಯನ್ನಾದರೂ ಕುಡಿದಿರುತ್ತಿದ್ದೆ. ಬರೀ “ಆಂ” ಎಂದರೆ ಅವಳು ಬಿಡುತ್ತಲೂ ಇರಲಿಲ್ಲ. ನಿದ್ದೆಯಲ್ಲಿ “ಆಂ” ಎನ್ನುವ ನನ್ನ ಆಟ ಅವಳಿಗೆ

ಅಯ್ಯೋ ಶಿವನೇ.

ಚುಕ್ಕೆ ನಿದ್ದೆಯಲ್ಲಿ “ಆಂ” ಎನ್ನುತ್ತಿದೆ.

ಡಿಸೆಂಬರ್ 22, ಮಂಗಳವಾರ

ಬದುಕಿತು!

ಟೈಮರಿನ ಕೈಯಿಂದ ಬೆನ್ನು ತಟ್ಟುವ ಕೆಲಸ ಕಿತ್ತುಕೊಂಡೆ. ಈಗ ಪ್ರೋಗ್ರಾಂನ ಒಂದು ಸುತ್ತು ಪೂರ್ತಿಯಾಗಬೇಕು. ಬಿಸಿ ಅಳೆದದ್ದಾಯಿತಾ, ಹೀಟರಿನ ತೀರ್ಮಾನವಾಯಿತಾ, ಎರಡಕ್ಕೂ ಗುರುತು ಬಿದ್ದಿದ್ದರೆ ಮಾತ್ರ ಕೊನೆಯಲ್ಲಿ ಒಮ್ಮೆ ತಟ್ಟುತ್ತದೆ. ಕೆಲಸ ಮಾಡಿರಬೇಕು, ಆಮೇಲೆ “ಆಂ” ಎನ್ನಬೇಕು. ಏಳುವಾಗ ಮೊದಲು ಹೀಟರ್ ಆರಿಸಿಯೇ ಏಳಬೇಕೆಂದೂ ಬರೆದೆ. ಎಷ್ಟು ಸಲ ಸತ್ತು ಎದ್ದೆನೆಂದು ಡಬ್ಬವೇ ಗುಂಡಿ ಒತ್ತಿದರೆ ತೋರಿಸುತ್ತದೆ.

ಗುರುಮಲ್ಲಯ್ಯನವರು ಊರಿನ ರಾಗಿಯನ್ನೆಲ್ಲ ಬೀಸಿದರು. ಅಂಕಿ ನಿಂತಿತು, ನಾನು ಉಸಿರು ಹಿಡಿದೆ, ಡಬ್ಬ ಕಣ್ಣು ಮುಚ್ಚಿ ತೆರೆದು ಮತ್ತೆ ಎಣಿಸತೊಡಗಿತು. ಮತ್ತೆ ಸತ್ತಿತು, ಮತ್ತೆ ಎದ್ದಿತು.

ಅಸೆಂಬ್ಲಿಯಲ್ಲಿ ಪ್ರತಿ ತುಣುಕಿಗೂ ಒಂದು ಹೆಸರು, ಒಂದು ಲೇಬಲ್ ಕೊಡಬೇಕು. ಬೆನ್ನು ತಟ್ಟುವ ತುಣುಕಿಗೆ ಎಲ್ಲರೂ ನಾಯಿಯ ಹೆಸರಿಡುತ್ತಾರೆ. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಅವ್ವ ಎಂದು ಇಟ್ಟೆ. ನಾಲ್ಕೇ ಅಕ್ಷರ, ಟೈಪ್ ಮಾಡಲು ಸುಲಭ. ಬೇರೇನೂ ಕಾರಣವಿಲ್ಲ.

ಜನವರಿ 4, 1999, ಸೋಮವಾರ

ಡೈರಿ ಮುಗಿಯಿತು. ಮೊದಲಿನ ಜನವರಿ ಹಾಳೆಗಳು ಖಾಲಿ ಇವೆ, ವರ್ಷ ಹೊಡೆದುಹಾಕಿ ಇಲ್ಲೇ ಮುಂದುವರಿಸುತ್ತೇನೆ. ಮೊದಲ ಪುಟದಲ್ಲಿ ಅಪ್ಪನ 'ಶ್ರೀ' ಇದೆ, ಮಂಗಳಕರ.

ದೊಡ್ಡವ್ವನ ಮೊಟ್ಟೆ ಒಡೆದಿವೆ. ಡಬ್ಬ ಗೋಡೆ ಏರಿದೆ. ಈ ಸಲ ನಾನು “ಮಲಕ್ಕೊ” ಎನ್ನಲಿಲ್ಲ.

ಅವ್ವ ಬಟ್ಟೆಗಂಟು ಕಟ್ಟಿಕೊಂಡು ಚಂದಕವಾಡಿಗೆ ಹೋಗಿದ್ದಾಳೆ. “ಎರಡನೇ ಜ್ವರ ಆಗೋವರ್ಗೂ ಅಕ್ಕನ ಮನೇಲಿರ್ತೀನಿ ಅಂತ ಹೇಳಿ” ಎಂದು ಅಪ್ಪನಿಗೆ ಹೇಳಿದಳು. ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಎರಡನೇ ಜ್ವರ ದಾಟಿದರೆ ಮರಿಹುಳದ ಗಂಡಾಂತರ ಕಳೆದ ಹಾಗೆ, ಡಬ್ಬದ ಕೆಲಸವೂ ಮುಗಿದ ಹಾಗೆ. ಇವಳು ಹೋಗಿರುವುದು ಹುಳ ಕಾಯುವುದಕ್ಕಲ್ಲ, ನನ್ನ ಡಬ್ಬ ಕಾಯುವುದಕ್ಕೆ.

ಜನವರಿ 8, ಶುಕ್ರವಾರ

ಅಡಿಗೆಮನೆ ನನ್ನ ವಶ. ಅಪ್ಪನಿಗೆ “ನೀರು ತನ್ನಿ” ಎಂದೆ. ಚೊಂಬು ಹಿಡಿದು ನಿಂತರು. ಅಸೆಂಬ್ಲಿಯಲ್ಲಿ ಹೇಳಿದೆ, ತಂದರು.

ಸಾರಿಗೆ ಉಪ್ಪು ಹೆಚ್ಚಾಯಿತು. ಕೆಲಸಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತಿದೆ, ಏನೂ ಬರೆಯಲಾಗುತ್ತಿಲ್ಲ. ಮಧ್ಯೆ ಒಮ್ಮೆ ಯಾರೋ ಕರೆದ ಹಾಗಾಗಿ “ಆಂ” ಎಂದೆ. ಪಕ್ಕದ ಮನೆಯವರು ಯಾರನ್ನೋ ಕರೆದದ್ದು.

ಜನವರಿ 12, ಮಂಗಳವಾರ

ಹುಳ ಎರಡನೇ ಜ್ವರದಿಂದ ಎದ್ದಿವೆ!

ಚಂದಕವಾಡಿಗೆ ಹೋದರೆ ಹುಳದ ಮನೆಯ ಬಾಗಿಲಿನಿಂದಲೇ ಕೇಳಿಸಿತು, ತಟ್ಟೆಗಳಲ್ಲಿ ಸೊಪ್ಪು ಕಚ್ಚುವ ಸಣ್ಣ ಸದ್ದು. ಬಿಳಿಬಿಳಿ ಹುಳ, ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು. ನಾನು ತಟ್ಟೆಯ ಮೇಲೆ ಬಗ್ಗಿ ನಿಂತುಬಿಟ್ಟೆ. ಅಳು ಬಂತು, ಈ ಸಲ ಬಸ್ಸಿನಲ್ಲಿರಲಿಲ್ಲ, ಸದ್ಯ.

“ನಿನ್ ಡಬ್ಬ ರಾತ್ರಿಯೆಲ್ಲ ಸತ್ ಸತ್ ಏಳ್ತದಂತೆ ಕಣಮ್ಮಿ. ನಾ ಎಲ್ಲ್ ಕಾಣ್ಲಿ? ನಾ ಮಲಗ್ಬುಟ್ಟಿದ್ದೆ. ನಿಮ್ಮವ್ವ ಅದ್ರ ಮುಂದೆ ಚಾಪೆ ಆಕಂಡ್ ಕೂತಿದ್ಲು” ಎಂದಳು ದೊಡ್ಡವ್ವ. ಮುಖ ತುಂಬಿಕೊಂಡಿತ್ತು, ಕಣ್ಣ ಕೆಳಗಿನ ಕಪ್ಪು ಇಳಿದಿತ್ತು. ಆ ಕಪ್ಪೆಲ್ಲ ಅವ್ವನ ಕಣ್ಣ ಕೆಳಗೆ ಬಂದು ಕೂತಿತ್ತು.

ಅವ್ವ ಸೊಪ್ಪು ಹೆಚ್ಚುತ್ತಾ ತಲೆ ಎತ್ತದೆ ಹೇಳಿದಳು: “ಅಕ್ಕ, ಕೇಳವಳ್ನ. ಅದು ಸತ್ತಾಗ ಎಬ್ಬಿಸೋರ್ ಯಾರು?”

ದೊಡ್ಡವ್ವ ನನ್ನ ಕಡೆ ತಿರುಗಿ ಕಣ್ಣು ಹೊಡೆದಳು. ಕೇಬಲ್ ಬದಲಾಗಿತ್ತು.

“ಒಳಗೆ ಇನ್ನೊಂದು ಇದೆ ದೊಡ್ಡವ್ವ. ಅದು ಆಗಾಗ ಕರೀತಿರುತ್ತೆ. ಇದು ಆಂ ಅನ್ಬೇಕು. ಅನ್ಲಿಲ್ಲ ಅಂದ್ರೆ ಬಂದು ಎಬ್ಬಿಸುತ್ತೆ.”

“ನಿದ್ದೆಗಣ್ಣಲ್ಲಿ ಆಂ ಅಂದ್ಬುಟ್ರೆ?” ಇದು ಅವ್ವ, ಸೊಪ್ಪಿಗೆ ಕೇಳಿದ ಹಾಗೆ.

“ಬರೀ ಆಂ ಅಂದ್ರೆ ಒಪ್ಪಲ್ಲ. ಏನ್ ಮಾಡ್ತಿದ್ದೆ ಅಂತಾನೂ ಹೇಳ್ಬೇಕು.”

ಕುಡುಗೋಲು ನಿಂತಿತು. ದೊಡ್ಡವ್ವ ತೊಡೆ ತಟ್ಟಿ ನಕ್ಕಳು. “ಲೇ ಸಣ್ಣಿ, ಥೇಟ್ ನೀನೇ ಕಣೆ!”

ಅವ್ವ ನಗಲಿಲ್ಲ. “ಸೊಪ್ಪು ಬಾಡ್ತದೆ” ಎಂದು ಮತ್ತೆ ಹೆಚ್ಚತೊಡಗಿದಳು. ಬಹಳ ಸಣ್ಣಗೆ ಹೆಚ್ಚಿದಳು, ಎರಡನೇ ಜ್ವರ ಎದ್ದ ಹುಳಕ್ಕೆ ಅಷ್ಟು ಸಣ್ಣಗೆ ಬೇಕಾಗಿಯೇ ಇರಲಿಲ್ಲ.

ಜನವರಿ 15, ಶುಕ್ರವಾರ

ನಿನ್ನೆ ಸಂಕ್ರಾಂತಿ. ಅವ್ವ ಮೊನ್ನೆಯೇ ಬಂದಿದ್ದಾಳೆ. ಎಳ್ಳನ್ನು ಅಪ್ಪನ ಕೈಯಲ್ಲೇ ಕೊಡಿಸಿದಳು.

ಅಂಗಡಿಯಲ್ಲಿ ಸಾಹೇಬರ ಕಾಲು ನೆಲದ ಮೇಲಿಲ್ಲ. ಚಂದಕವಾಡಿಯಿಂದ ಇನ್ನಿಬ್ಬರು ಡಬ್ಬ ಕೇಳಿಕೊಂಡು ಬಂದಿದ್ದರು, ಹರವೆಯಿಂದ ಒಬ್ಬರು. ಆದರೆ ಮುಂದಿನದನ್ನು ಸಿಯಲ್ಲೇ ಬರೆಯಬೇಕಂತೆ. ನನ್ನ ಪ್ರೋಗ್ರಾಂನ ಪ್ರಿಂಟ್ ಹಿಡಿದು ಕನ್ನಡಕ ಏರಿಸಿದರು.

“ಈ ಎವಿವಿಎ ಅಂತ ಇದ್ಯಲ್ಲಮ್ಮ, ಏನಿದು? ಯಾವ್ದರ ಶಾರ್ಟ್‌ಫಾರ್ಮು?”

“ಹಳೇ ಟೆಕ್ನಿಕ್ ಸಾರ್. ಎಲ್ಲ ಭಾಷೇಲೂ ಹಾಕ್ಬೇಕು, ಸಿ ಬಂದ್ರೂ ತೆಗೆಯೋ ಹಾಗಿಲ್ಲ.”

ಅವರು ಗಂಭೀರವಾಗಿ ತಲೆಯಾಡಿಸಿದರು. ಸಿಯಲ್ಲಿ ಬರೆದು ನೋಡುವುದೇ. ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಬೇಕು, ಬೆನ್ನು ತಟ್ಟುವುದು ತಡವಾದರೆ ಸುಮ್ಮಸುಮ್ಮನೆ ರೀಸೆಟ್ ಆಗುತ್ತದೆ. ಇದನ್ನೇ ಯೋಚಿಸುತ್ತಾ ಈಗ ಮನೆಯಲ್ಲಿ ಕೂತು ಬರೆಯುತ್ತಿದ್ದೆ.

“ಅಮ್ಮೀ.”

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಪೇಪರಿನಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ಇಲ್ಲ, ಅವರೇನೂ ಅಂದಿರಲಿಲ್ಲ. ಈ ಗಡಿಬಿಡಿಯಲ್ಲಿ “ಆಂ” ಎನ್ನುವುದೇ ಮರೆತುಹೋಯಿತು. ಸ್ವಲ್ಪ ಹೊತ್ತಿಗೆ ಸೌಟಿನ ಸಮೇತ ಬಾಗಿಲಲ್ಲಿ ಪ್ರತ್ಯಕ್ಷ.

“ಕಿವಿ ಕೇಳಾಕಿಲ್ವಾ? ಏನ್ ಮಾಡ್ತಿದ್ದೀಯೆ?”

“ಬರೀತಿದ್ದೆ.”

“ಮೂಗೊರ್ಸ್ಕೊ ಮೊದ್ಲು” ಎಂದು ಒಳಗೆ ಹೋದಳು. ಅಪ್ಪ ಪೇಪರನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದರು.

ಸಿಯಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತನ್ನು ಲೆಕ್ಕ ಹಾಕುವುದು ಹೇಗೆಂದರೆ, ಮೊದಲು ಕಂಪೈಲರ್ ಮಾಡಿದ ಅಸೆಂಬ್ಲಿಯನ್ನು ತೆಗೆದು

ಮತ್ತೆ ಕರೆಯುತ್ತಿದ್ದಾಳೆ. ಎರಡು ಸಾಲು ನೆಟ್ಟಗೆ ಬರೆಯಲು ಬಿಡುವುದಿಲ್ಲ ಈ ಹೆಂಗಸು. ಆಂ. ಆಂ ಕಣವ್ವ, ಬಂದೆ